ಊಟಕ್ಕೆ ಮಾಡುವ ಬಲವಂತ

2019ರ ಆಗಸ್ಟ್‌ನಲ್ಲಿ ಕಬಿನಿಯೂ ಕೆಆರ್‌ಎಸ್ಸೂ ಒಟ್ಟಿಗೇ ನೀರು ಬಿಟ್ಟವು. ಎರಡೂ ಹೊಳೆಗಳು ತಿರುಮಕೂಡಲಿನಲ್ಲಿ ಕೂಡಿ ಇಳಿದು ಬಂದರೆ ಕೊಳ್ಳೇಗಾಲದ ದಂಡೆಯ ಊರುಗಳಿಗೆ ಉಳಿಗಾಲವಿಲ್ಲ. ಮುಳ್ಳೂರು, ದಾಸನಪುರ, ಹಳೇ ಹಂಪಾಪುರದ ಕಡೆಯವರಿಗೆ ಇದು ಗೊತ್ತಿರುವ ಪಾಡು. ನೀರು ಇಳಿಯುತ್ತಿದ್ದಾಗ ನಾವು ನಾಲ್ಕೈದು ಜನ ಗೂಡ್ಸ್ ಆಟೋದಲ್ಲಿ ಅಕ್ಕಿ, ಬೇಳೆ, ಹೊದಿಕೆ ಹೇರಿಕೊಂಡು ಹೋದೆವು. ಗಂಜಿ ಕೇಂದ್ರದಲ್ಲಿ ಊಟದ ಹೊತ್ತು. ಸಾಲಾಗಿ ಕೂತಿದ್ದವರ ಮುಂದೆ ಅನ್ನ, ಸಾರು. ಹೊದಿಕೆ ಹಿಡಿದು ನಿಂತ ನಮ್ಮನ್ನು ಒಬ್ಬರು ಅಜ್ಜಿ ಕೈಹಿಡಿದು ಎಳೆದರು.

"ಕುಂತ್ಕಳಿ ಸಾ. ಮೊದ್ಲು ಉಂಡ್ಬುಡಿ, ಆಮೇಲ್ ಕೊಟ್ಟೀರಂತೆ."

"ಇಲ್ಲ ಅಜ್ಜಿ, ನಮ್ದು ಆಯ್ತು" ಅಂದೆ. ಆಗಿರಲಿಲ್ಲ. ಬೆಳಗ್ಗೆ ಎರಡು ಇಡ್ಲಿ ತಿಂದು ಹೊರಟವನಿಗೆ ಹೊಟ್ಟೆ ಚುರುಗುಡುತ್ತಿತ್ತು. ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತೆಗೆದಿಟ್ಟಿದ್ದ ತಟ್ಟೆಯನ್ನು ಬೋರಲು ಹಾಕಿದರು. "ನೀವು ಕೊಡೋರು ಬುಡಿ" ಅಂದರು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಲೆಕ್ಕ ತೀರಿಸಿದವರ ಮಾತಿನಂತಿತ್ತು.

ಆ ಸಂಜೆ ಮನೆಗೆ ಬಂದು ಲೂಕನ ಸುವಾರ್ತೆಯ 14ನೇ ಅಧ್ಯಾಯ ತೆಗೆದೆ. ನಾನು ಕ್ರೈಸ್ತನಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 19ನೇ ಶತಮಾನದ ಆರಂಭದಲ್ಲಿ ಶುರು ಮಾಡಿದ ಕನ್ನಡ ಬೈಬಲ್ಲಿನ ಗದ್ಯ ಹೇಗೆ ಬೆಳೆಯಿತು ಎಂದು ನೋಡುವ ಚಪಲದಿಂದ ಓದಲು ಹಿಡಿದವನು. ಓದುತ್ತ ಓದುತ್ತ ಗದ್ಯದ ಚಪಲ ಹಿಂದೆ ಬಿತ್ತು, ಪ್ರಶ್ನೆಗಳು ಮುಂದೆ ಬಂದವು. ಬಡವರಿಗೂ ಹೊರಗಿಟ್ಟವರಿಗೂ ಕ್ರೈಸ್ತ ಗ್ರಂಥ ಹೇಳುವುದೇನು, ಆ ಹೆಸರಿನಲ್ಲಿ ನಡೆದ 'ಮಿಷನ್' ಮಾಡಿದ್ದೇನು, ಎರಡರ ನಡುವೆ ಎಷ್ಟು ದೂರ ಎಂಬ ಪ್ರಶ್ನೆಗಳು. ನನಗೆ ಕಂಡಂತೆ ಆ ದೂರವನ್ನು ಅಳೆಯಲು ನಮ್ಮಲ್ಲೇ ಒಂದು ಮಾತಿದೆ: ಪಂಕ್ತಿ. ಸುವಾರ್ತೆಗಳ ಯೇಸು ಬಡವರ ವಿಷಯ ಎತ್ತಿದಾಗ ಎಷ್ಟೋ ಸಲ ಅಲ್ಲೊಂದು ಊಟ ಇರುತ್ತದೆ. ಯಾರು ಯಾರ ಪಕ್ಕ ಕೂತರು, ಯಾರು ನಿಂತೇ ಉಳಿದರು ಎಂಬ ವಿವರವೂ ಬರುತ್ತದೆ. ಮಿಷನ್ನಿನ ಚರಿತ್ರೆಯಲ್ಲಿ ಮಾತ್ರ ಊಟ ಬಡಿಸುವುದು ಬೆಳೆಯಿತು, ಜೊತೆಗೆ ಕೂತು ಉಣ್ಣುವುದು ಸೊರಗಿತು.

ಲೂಕನ ಆ ಅಧ್ಯಾಯದಲ್ಲಿ ಯೇಸು ಒಬ್ಬ ಫರಿಸಾಯ ಮುಖಂಡನ ಮನೆಗೆ ಊಟಕ್ಕೆ ಬಂದಿದ್ದಾನೆ. ಬಂದವರು ಮೇಲಿನ ಜಾಗಕ್ಕೆ ನುಗ್ಗುವುದನ್ನು ನೋಡುತ್ತಾನೆ. ಆಮೇಲೆ ಕರೆದವನಿಗೇ ಬುದ್ಧಿ ಹೇಳುತ್ತಾನೆ: ಊಟ ಹಾಕಿಸುವಾಗ ಗೆಳೆಯರನ್ನು, ನೆಂಟರನ್ನು, ಸಿರಿವಂತ ನೆರೆಯವರನ್ನು ಕರೆಯಬೇಡ, ಅವರು ತಿರುಗಿ ನಿನ್ನನ್ನು ಕರೆದಾರು, ಬಡವರನ್ನು, ಕೈಕಾಲು ಊನವಾದವರನ್ನು, ಕುಂಟರನ್ನು, ಕುರುಡರನ್ನು ಕರೆ. ಇದು ನಮಗೆ ಅರ್ಥವಾಗಲು ಟೀಕೆ ಬೇಕಿಲ್ಲ, ನಾವು ಮುಯ್ಯಿಯ ಜನ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅಷ್ಟನ್ನೇ ತಿರುಗಿಸುವವರು. ಮುಯ್ಯಿ ಪುಸ್ತಕಕ್ಕೆ ಸೇರದವರನ್ನು ಕರೆ ಎಂದರೆ, ಕೊಡುವ ಕೊಳ್ಳುವ ಲೆಕ್ಕದ ಹೊರಗಿರುವವರನ್ನು ಲೆಕ್ಕವಿಲ್ಲದೆ ಪಕ್ಕದಲ್ಲಿ ಕೂರಿಸಿಕೋ ಎಂದಂತೆ.

ಅದರ ಬೆನ್ನಿಗೇ ಒಂದು ಸಾಮತಿ. ಔತಣಕ್ಕೆ ಕರೆಸಿಕೊಂಡವರು ಒಬ್ಬೊಬ್ಬರೂ ನೆಪ ಹೇಳುತ್ತಾರೆ. ಒಬ್ಬ ಹೊಲ ಕೊಂಡಿದ್ದಾನೆ, ಒಬ್ಬ ಐದು ಜೊತೆ ಎತ್ತು ಕೊಂಡಿದ್ದಾನೆ, ಇನ್ನೊಬ್ಬನಿಗೆ ಹೊಸದಾಗಿ ಮದುವೆ. ಯಜಮಾನ ಸಿಟ್ಟಾಗಿ ಆಳನ್ನು ಊರ ಬೀದಿಗೆ, ಸಂದಿಗೊಂದಿಗೆ ಓಡಿಸುತ್ತಾನೆ. ಅಲ್ಲಿಂದ ಬಂದವರು ಕೂತ ಮೇಲೂ ಜಾಗ ಉಳಿಯುತ್ತದೆ. ಆಗ ಹೇಳುತ್ತಾನೆ: ಊರಾಚೆಯ ದಾರಿಗೆ, ಬೇಲಿಯ ಮಗ್ಗುಲಿಗೆ ಹೋಗು, ಸಿಕ್ಕವರನ್ನು ಬಲವಂತ ಮಾಡಿ ಕರೆತಾ.

ಈ ಒಂದು 'ಬಲವಂತ'ದಿಂದ ಜಗತ್ತಿನಲ್ಲಿ ನಡೆದ ಅನಾಹುತ ಸಣ್ಣದಲ್ಲ. 5ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ಡೊನಾಟಿಸ್ಟ್ ಎಂಬ ಭಿನ್ನ ಪಂಥದವರನ್ನು ರಾಜಬಲದಿಂದ ಚರ್ಚಿಗೆ ಎಳೆತರುವುದನ್ನು ಸಮರ್ಥಿಸಲು ಇದೇ ಮಾತನ್ನು ಮುಂದಿಟ್ಟ. ಮುಂದಿನ ಸಾವಿರ ವರ್ಷ ಅದು ಕತ್ತಿಗೆ ಸಿಕ್ಕ ಶಾಸ್ತ್ರಾಧಾರವಾಯಿತು. ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಮೇಲೆ ದಬ್ಬಾಳಿಕೆ ನಡೆದಾಗ, 1686ರಲ್ಲಿ, ಪಿಯರ್ ಬೇಲ್ ಎಂಬ ಚಿಂತಕ ಈ ಒಂದು ವಾಕ್ಯದ ವ್ಯಾಖ್ಯಾನಕ್ಕೇ ಇಡೀ ಪುಸ್ತಕ ಬರೆದು, ಮನಸ್ಸಾಕ್ಷಿಯ ಮೇಲೆ ಬಲ ಹಾಕು ಎಂದು ಯಾವ ದೇವರೂ ಹೇಳಲಾರ ಎಂದು ವಾದಿಸಬೇಕಾಯಿತು.

ಬೇಲ್‌ನ ತರ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಕೊಳ್ಳೇಗಾಲದಲ್ಲಿ ಯಾರನ್ನು ಕೇಳಿದರೂ ಪುಸ್ತಕದ ಹಂಗಿಲ್ಲದೆ ಇದನ್ನು ಬಿಡಿಸಿ ಹೇಳಿಯಾರು. ಊಟಕ್ಕೆ ಬಲವಂತ ಮಾಡುವುದು ಬೇರೆ, ಬಲಾತ್ಕಾರ ಬೇರೆ. "ಉಣ್ಣಿ" ಎಂದ ಕೂಡಲೇ ಕೂರುವವನು ಇಲ್ಲಿ ಮರ್ಯಾದಸ್ಥನಲ್ಲ. ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲ ಎಳೆದು ಕೂರಿಸಬೇಕು. ಅದರಲ್ಲೂ ಬೇಲಿಯ ಮಗ್ಗುಲಲ್ಲಿ ಮಲಗಿದವನಿಗೆ ದೊಡ್ಡಮನೆಯ ಆಳು ಬಂದು "ನಿನಗೆ ಊಟಕ್ಕೆ ಹೇಳಿದ್ದಾರೆ" ಎಂದರೆ ಅವನು ನಂಬುವುದುಂಟೆ? ತಮಾಷೆ ಮಾಡುತ್ತಿದ್ದಾರೆ, ಒಳಗೆ ಹೋದರೆ ಅಟ್ಟುತ್ತಾರೆ, ಹಿಂದೆ ಹೀಗೇ ಆಗಿತ್ತು ಎಂದುಕೊಳ್ಳುತ್ತಾನೆ. ಆ ಬಲವಂತ ಅವನ ಅಪನಂಬಿಕೆಯ ಜೊತೆಗಿನ ಜಗ್ಗಾಟ. ಗಂಜಿ ಕೇಂದ್ರದ ಅಜ್ಜಿ ನನಗೆ ಮಾಡಿದ್ದೂ ಅದನ್ನೇ. ಆ ದಿನ ಬೇಲಿಯ ಮಗ್ಗುಲಲ್ಲಿದ್ದವನು ನಾನು, ಅದು ನನಗೆ ಹೊಳೆಯಲಿಲ್ಲ ಅಷ್ಟೆ.

ನಜರೇತಿನ ಪ್ರಸಂಗ ಎಷ್ಟೋ ಮಿಷನ್ನುಗಳ ಗೋಡೆಯ ಮೇಲೆ ಇರುತ್ತದೆ. ಯೇಸು ತನ್ನೂರಿನ ಸಭಾಮಂದಿರದಲ್ಲಿ ಪ್ರವಾದಿ ಯೆಶಾಯನ ಸುರುಳಿ ಬಿಚ್ಚಿ, ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು ಎಂಬ ಸಾಲುಗಳನ್ನು ಓದಿ ಸುರುಳಿ ಮಡಿಚುತ್ತಾನೆ. ಮೂಲ ಗ್ರೀಕಿನಲ್ಲಿ ಅಲ್ಲಿ ಬಡವರಿಗೆ ಬಳಸಿದ ಪದ 'ಪ್ತೋಖೋಸ್'. ದುಡಿದು ಕಷ್ಟದಲ್ಲಿ ಬಾಳುವವನಿಗೆ ಆ ಭಾಷೆಯಲ್ಲಿ 'ಪೆನೇಸ್' ಎಂಬ ಬೇರೆ ಪದವಿತ್ತು. ಪ್ತೋಖೋಸ್ ಎಂದರೆ ಮೈಯನ್ನು ಮುದುರಿಕೊಂಡು ಕೂತವನು, ಬೇಡದೆ ಗತಿಯಿಲ್ಲದವನು. ಜೀತಕ್ಕಿದ್ದವನಿಗೂ ತುಂಡು ಹೊಲದ ಒಕ್ಕಲಿಗೂ ಇರುವ ಅಂತರ ಗೊತ್ತಿರುವ ನಮಗೆ ಈ ಎರಡು ಪದಗಳ ಅಂತರ ಹೊಸದಲ್ಲ. ಯೇಸು ಓದುವಾಗ ಇನ್ನೊಂದು ಕೆಲಸ ಮಾಡುತ್ತಾನೆ. ಯೆಶಾಯನಲ್ಲಿ ಮುಂದಿನ ಮಾತೇ ದೇವರು ಮುಯ್ಯಿ ತೀರಿಸುವ ದಿನದ್ದು. ಅದನ್ನು ಓದದೆ ನಿಲ್ಲಿಸುತ್ತಾನೆ.

ಊರವರಿಗೆ ಇಲ್ಲಿಯವರೆಗೆ ಖುಷಿಯೇ. ಬಡವರಿಗೆ ಒಳ್ಳೆಯದಾಗಲಿ ಎಂದರೆ ಯಾರಿಗೆ ಬೇಡ? ರಂಪ ಎದ್ದದ್ದು ಯೇಸುವಿನ ಮುಂದಿನ ಮಾತಿಗೆ: ಬರಗಾಲದಲ್ಲಿ ಪ್ರವಾದಿ ಎಲೀಯನನ್ನು ದೇವರು ಕಳಿಸಿದ್ದು ನಮ್ಮ ವಿಧವೆಯರ ಮನೆಗಲ್ಲ, ಪರದೇಶದ ಸರೆಪ್ತದವಳ ಮನೆಗೆ. ಎಲೀಷನ ಕಾಲದಲ್ಲಿ ಗುಣವಾದದ್ದು ನಮ್ಮ ಕುಷ್ಠರೋಗಿಗಳಿಗಲ್ಲ, ಸಿರಿಯಾದ ನಾಮಾನನಿಗೆ. ಇಷ್ಟು ಹೇಳಿದ್ದೇ ತಡ, ಅವನನ್ನು ಗುಡ್ಡದ ಅಂಚಿಗೆ ದಬ್ಬಿಕೊಂಡು ಹೋದರು. ಸರೆಪ್ತದ ವಿಧವೆ ಎಲೀಯನಿಂದ ಏನನ್ನೂ ಬೇಡಿದವಳಲ್ಲ. ಕೊನೆಯ ಹಿಡಿ ಹಿಟ್ಟಿನಲ್ಲಿ ಅವನಿಗೇ ಮೊದಲು ರೊಟ್ಟಿ ತಟ್ಟಿ ಕೊಟ್ಟವಳು. ಪ್ರವಾದಿ ಅವಳ ಮನೆಯ ಉಣ್ಣುವ ನೆಂಟ. ಗೋಡೆಯ ಮೇಲೆ ಬರೆಸುವವರು ಯೆಶಾಯನ ಸಾಲಿಗೆ ನಿಲ್ಲಿಸುತ್ತಾರೆ, ಈ ಹೆಂಗಸಿನವರೆಗೆ ಬರುವುದಿಲ್ಲ.

ನಮ್ಮ ಸೀಮೆಗೆ ಈ ಗ್ರಂಥ ಬಂದ ದಾರಿಯನ್ನು ನೋಡಬೇಕು. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ, ಕನ್ನಡ ಕಲಿತು ಕನ್ನಡದಲ್ಲಿ ಬರೆದ. ಅವನ ಮುಂದಿದ್ದ ಮಾದರಿ ಮದುರೆಯ ರಾಬರ್ಟೊ ಡಿ ನೊಬಿಲಿಯದು. 1606ರಲ್ಲಿ ಮದುರೆಗೆ ಬಂದ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು, ಮೇಲುಜಾತಿಯವರಿಗೆ ಸನ್ಯಾಸಿಯಂತೆ ಕಾಣಿಸಿಕೊಂಡವನು. ಕೆಳಜಾತಿಗಳ ನಡುವೆ ಕೆಲಸ ಮಾಡಲು ಆಮೇಲೆ ಪಂಡಾರಸ್ವಾಮಿಗಳೆಂಬ ಬೇರೆಯೇ ಪಾದ್ರಿಗಳು ಹುಟ್ಟಿಕೊಂಡರು. ಒಂದೇ ಪಂಥ, ಒಂದೇ ದೇವರು, ಎರಡು ಬಗೆಯ ಗುರುಗಳು! ನೊಬಿಲಿಯ ಜಾಣತನವನ್ನು, ಸಂಸ್ಕೃತ ಮತ್ತು ತಮಿಳಿನ ಮೇಲಿನ ಹಿಡಿತವನ್ನು ನಾನು ಮೆಚ್ಚುತ್ತೇನೆ. ಆದರೆ ಪಂಕ್ತಿಭೇದವನ್ನು ಒಪ್ಪಿಕೊಂಡೇ ಒಳಗೆ ಬಂದ ಸುವಾರ್ತೆ ಅದು.

ಬೈಬಲ್ಲಿನಲ್ಲಿ ಇದಕ್ಕೆ ಉತ್ತರ ಮೊದಲೇ ಇತ್ತು. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಂತಿಯೋಕ್ಯದ ಜಗಳವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಹಿರಿಯ ಶಿಷ್ಯ ಪೇತ್ರ ಅಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಮಡಿವಂತರು ಬಂದ ಸುದ್ದಿ ಕೇಳಿದ್ದೇ ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ಛೀಮಾರಿ ಹಾಕಿದ. ಕೊರಿಂಥದವರಿಗೆ ಬರೆದ ಪತ್ರದಲ್ಲೂ ಇದೇ ದೂರು: ಪ್ರಭುಭೋಜನವೆನ್ನುತ್ತೀರಿ, ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತೀರಿ, ಬಡವರು ಹಸಿದು ಕೂರುತ್ತಾರೆ. ಯಾಕೋಬನ ಪತ್ರವಂತೂ ಒಂದು ದೃಶ್ಯವನ್ನೇ ಬರೆದಿದೆ. ಚಿನ್ನದುಂಗುರದವನು ಸಭೆಗೆ ಬಂದರೆ "ಇಲ್ಲಿ ಕೂರಿ" ಎನ್ನುವವರು, ಕೊಳೆ ಬಟ್ಟೆಯವನು ಬಂದರೆ ನಿಲ್ಲು ಎನ್ನುತ್ತಾರೆ, ಇಲ್ಲವೇ ಕಾಲ ಬುಡ ತೋರಿಸುತ್ತಾರೆ. ಹೊಸ ಪಂಥ ಕಣ್ಣು ಬಿಡುತ್ತಿದ್ದ ಹೊತ್ತಿನ ಜಗಳಗಳು ಇವು, ಮೂರೂ ಕೂರುವ ಜಾಗದ್ದು. ಇವನ್ನು ಓದಿಕೊಂಡವರೇ ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ ಜಾತಿಗೊಂದು ಪಕ್ಕ ಎಂದು ಪ್ಯಾಂಟಿನ ಎರಡು ಕಾಲಿನಂತೆ ಕವಲೊಡೆದ ಚರ್ಚನ್ನು ಕಟ್ಟಿಕೊಂಡರು. ಎರಡೂ ಕಾಲು ಸೇರುವಲ್ಲಿ ಪೂಜಾಪೀಠ. ಪ್ರಸಾದ ಒಂದೇ, ಕೂರುವ ಕಡೆ ಬೇರೆ.

ಅಬ್ಬೆ ದುಬುವಾ ನಮಗೆ ಹತ್ತಿರದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ಹೊಣೆ ಹೊತ್ತು ಬಂದ ಫ್ರೆಂಚ್ ಪಾದ್ರಿ. 1823ರವರೆಗೆ ಇಲ್ಲೇ ಇದ್ದ. ಜನ ದೊಡ್ಡಸ್ವಾಮಿ ಎಂದು ಕರೆದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ ಕೀರ್ತಿ ಅವನದು. ಅಂಥವನು ಯುರೋಪಿಗೆ ಮರಳಿ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಕೈಚೆಲ್ಲಿ ಕೂತಿದ್ದಾನೆ. ಭಾರತದಲ್ಲಿ ಮತಾಂತರ ಆಗದ ಕೆಲಸ ಎನ್ನುತ್ತಾನೆ. ಇಷ್ಟು ವರ್ಷಗಳಲ್ಲಿ ತನ್ನಿಂದ ಇನ್ನೂರು ಮುನ್ನೂರು ಜನ ಕ್ರೈಸ್ತರಾಗಿರಬಹುದು, ಅವರಲ್ಲೂ ಹೆಚ್ಚಿನವರು ಹೊಲೆಯರು, ಭಿಕ್ಷುಕರು, ಜಾತಿ ಕೆಟ್ಟವರು, ಗತಿಯಿಲ್ಲದೆ ಬಂದವರು ಎಂದು ನಾಚಿಕೊಂಡು ಬರೆಯುತ್ತಾನೆ. ಓದಿದಾಗ ನನಗೆ ನಗು ಬಂತು. ಲೂಕನ ಯಜಮಾನ ಆಳಿಗೆ ಕೊಟ್ಟ ಪಟ್ಟಿಗೂ ದುಬುವಾ ಸೋಲೆಂದು ಒಪ್ಪಿಸಿದ ಪಟ್ಟಿಗೂ ಏನು ವ್ಯತ್ಯಾಸ? ಬಂದವರು ಕರೆಸಿಕೊಂಡವರೇ ಆಗಿದ್ದರು. ಕರೆಯಲು ಹೋದವನು ಮಾತ್ರ ಹೊಲ ಕೊಂಡವನ ದಾರಿಯನ್ನೇ ನೋಡುತ್ತಿದ್ದ.

ಹೀಗೆಂದು ಮಿಷನ್ನಿನ ಸೇವೆಯನ್ನು ಹಗುರ ಮಾಡುವವರ ಜೊತೆ ನಾನು ಸೇರಲಾರೆ. 'ಮಿಷನ್' ಎಂಬುದಕ್ಕೆ ಕನ್ನಡದಲ್ಲಿ ಮೊದಲ ಅರ್ಥವೇ ಆಸ್ಪತ್ರೆ ಮತ್ತು ಸ್ಕೂಲು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಸಿಗುತ್ತದೆ. ಸಿಸ್ಟರ್‌ಗಳು ನಡೆಸುವ ಆ ಕಟ್ಟಡ ಬೆಟ್ಟದ ಕೆಳಗಿನ ಊರುಗಳಿಗೆ ಎಷ್ಟೋ ಕಾಲದಿಂದ ರಾತ್ರಿ ಹೊತ್ತು ಬಾಗಿಲು ತಟ್ಟಬಹುದಾದ ಜಾಗ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆಸಿದ್ದರಲ್ಲ, 17 ಜನ ಸತ್ತರಲ್ಲ, ಅವತ್ತು ಮಾರ್ಟಳ್ಳಿ, ಬಿದರಹಳ್ಳಿ ಕಡೆಯವರನ್ನು ಸಿಕ್ಕ ಸಿಕ್ಕ ವಾಹನದಲ್ಲಿ ಹೇರಿಕೊಂಡು ಕಾಮಗೆರೆ, ಕೊಳ್ಳೇಗಾಲ, ಆಮೇಲೆ ಮೈಸೂರು ಎಂದು ಓಡಿದರು. ದೇವಿಯ ಪ್ರಸಾದ ಉಂಡವರು ಶಿಲುಬೆಯಿರುವ ಬಾಗಿಲಿಗೆ ಬಂದು ಬಿದ್ದರು. ಅಲ್ಲಿ ಯಾವ ಗುಡಿಯವರು ಎಂಬುದು ಪ್ರಶ್ನೆಯೇ ಆಗಲಿಲ್ಲ. ದಾರಿಯಲ್ಲಿ ಬಿದ್ದಿದ್ದ ಪರಕೀಯನನ್ನು ಎತ್ತಿ ಉಪಚರಿಸಿದ ಬೈಬಲ್ಲಿನ ಸಮಾರ್ಯದವನ ಕಥೆಗೆ ಇದಕ್ಕಿಂತ ಹತ್ತಿರದ ಟೀಕೆಯನ್ನು ನಾನು ಓದಿಲ್ಲ.

ಆದರೂ ಆಸ್ಪತ್ರೆಯಲ್ಲಿ ಕೊಡುವವರು ಒಂದು ಕಡೆ, ಪಡೆಯುವವರು ಒಂದು ಕಡೆ. ಅದು ಆ ಕೆಲಸದ ಗುಣ. ತೊಂದರೆ ಶುರುವಾಗುವುದು ಆ ಎರಡು ಕಡೆಗಳೇ ಖಾಯಂ ಆದಾಗ, ಬಡವನೆಂದರೆ ಪಡೆಯುವವನು ಎಂದು ಎಲ್ಲರೂ ಒಪ್ಪಿಕೊಂಡಾಗ. ಈ ವಿಷಯದಲ್ಲಿ ಮಿಷನ್ನಿನವರೂ ಅವರ ಕಡುವಿರೋಧಿಗಳೂ ಒಂದೇ ಎಲೆಯಲ್ಲಿ ಉಂಡವರು. 1936ರಲ್ಲಿ ಅಮೆರಿಕದ ಮಿಷನ್ ನಾಯಕ ಜಾನ್ ಮಾಟ್ ಜೊತೆ ಮಾತಾಡುತ್ತ ಗಾಂಧೀಜಿ, ಹರಿಜನರಿಗೆ ಸುವಾರ್ತೆ ಸಾರುವುದು ಹಸುವಿಗೆ ಸಾರಿದ ಹಾಗೆ ಎಂಬರ್ಥದ ಮಾತಾಡಿದರು. ಧರ್ಮಧರ್ಮಗಳ ತಾರತಮ್ಯ ಹರಿಜನರಿಗೆ ತಿಳಿಯದು ಎಂಬುದು ಅವರ ಅಭಿಪ್ರಾಯ. ಟೀಕೆ ಬಂದಾಗ ಹಸುವಿನ ಹೋಲಿಕೆಯಲ್ಲಿ ಅವಮಾನವಿಲ್ಲ ಎಂದು ಸಮರ್ಥಿಸಿಕೊಂಡರು. ಗಾಂಧೀಜಿ ಬಗ್ಗೆ ನನಗಿರುವ ಗೌರವ ಇಲ್ಲಿ ತಡವರಿಸುತ್ತದೆ. 2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ನೋಡಿ. ಬಲವಂತದಿಂದಲೋ ಆಮಿಷದಿಂದಲೋ ಮತಾಂತರ ಮಾಡಿಸಿದರೆ 3ರಿಂದ 5 ವರ್ಷ ಶಿಕ್ಷೆ. ಮತಾಂತರಗೊಂಡವರು ಹೆಂಗಸರೋ, ಅಪ್ರಾಪ್ತರೋ, ಪರಿಶಿಷ್ಟ ಜಾತಿ ಪಂಗಡದವರೋ ಆಗಿದ್ದರೆ 10 ವರ್ಷದವರೆಗೆ. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವೂ ಆಮಿಷದ ಪಟ್ಟಿಯಲ್ಲಿತ್ತು. ಅಂದರೆ ಎಂ.ಎ. ಓದಿದ ದಲಿತ ಹೆಣ್ಣುಮಗಳ ವಿವೇಚನೆಯೂ ಹತ್ತು ವರ್ಷದ ಮಗುವಿನ ವಿವೇಚನೆಯೂ ಕಾಯ್ದೆಯ ತಕ್ಕಡಿಯಲ್ಲಿ ಒಂದೇ ತೂಕ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಕಾಯ್ದೆಯ ಹಿಂದಿದ್ದ ಊಹೆ ಯಾವ ಸಂಪುಟದ ತೀರ್ಮಾನಕ್ಕೂ ಅಳಿಯುವಂಥದಲ್ಲ.

ಆಮಿಷದ ವಾದ ಮಾಡುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ದಲಿತನೊಬ್ಬ ಕ್ರೈಸ್ತನಾದರೆ ಅವನಿಗೆ ಸಿಗುವುದಕ್ಕಿಂತ ಹೋಗುವುದೇ ಹೆಚ್ಚು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಮದರಾಸಿನಲ್ಲಿ ಸೂಸೈ ಎಂಬ ಚಪ್ಪಲಿ ಹೊಲಿಯುವವರಿದ್ದರು. ರಸ್ತೆ ಬದಿಯಲ್ಲಿ ಕೂತು ಕೆಲಸ ಮಾಡುವ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು, ಇವರು ಆದಿದ್ರಾವಿಡರಾದರೂ ಕ್ರೈಸ್ತರೆಂದು ಕೊಡಲಿಲ್ಲ. ಉಳಿ, ದಾರ, ಚರ್ಮ ಎಲ್ಲ ಅದೇ. 1985ರಲ್ಲಿ ಸುಪ್ರೀಂ ಕೋರ್ಟು, ಮತಾಂತರದ ನಂತರವೂ ಹಿಂದಿನಷ್ಟೇ ಹೀನಾಯ ಉಳಿದಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು ಅರ್ಜಿಯನ್ನು ತಳ್ಳಿಹಾಕಿತು. ನಮ್ಮಲ್ಲಿ ಜಾತಿಯಿಲ್ಲ ಎಂದು ಚರ್ಚು ಹೇಳಿಕೊಂಡಷ್ಟೂ ಕೋರ್ಟಿನ ಮಾತಿಗೆ ಬಲ ಬರುತ್ತದೆ. ಜಾತಿಯಿದೆ ಎಂದು ಒಪ್ಪಿಕೊಂಡರೆ ಯಾಕೋಬನ ಪತ್ರ ಎದ್ದು ಕೂರುತ್ತದೆ. ಅಂಬೇಡ್ಕರ್ ಮತಾಂತರದ ಬಗ್ಗೆ ಬರೆದಾಗ ಮಿಷನ್ನುಗಳ ಸೇವೆಯನ್ನು ಮನಸಾರೆ ಒಪ್ಪಿಕೊಂಡೇ, ಅನ್ಯಾಯದ ಎದುರು ಜಗಳವಾಡುವುದನ್ನು ಅವು ತಮ್ಮ ಕೆಲಸವೆಂದುಕೊಳ್ಳಲಿಲ್ಲ ಎಂದು ಕುಟುಕಿದರು. 1956ರಲ್ಲಿ ಅವರು ಹಿಡಿದ ದಾರಿ ಬೇರೆ, ಬೌದ್ಧ ಧರ್ಮದ್ದು. ಅದನ್ನು ಯಾವ ಆಮಿಷದ ಪಟ್ಟಿಗೂ ಸೇರಿಸಲಾಗದು.

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದ ಹೆಂಗಸು ನನಗೆ ಇಲ್ಲಿ ನೆನಪಾಗುತ್ತಾಳೆ. ಸುರೋಫೊಯಿನಿಕೆಯ ಪರಜಾತಿಯವಳು, ಮಗಳಿಗೆ ಕಾಯಿಲೆ. ಯೇಸುವಿನ ಕಾಲಿಗೆ ಬೀಳುತ್ತಾಳೆ. ಅವನು ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕುವುದು ಸರಿಯಲ್ಲ ಎಂಬ ಕಟುಮಾತಾಡುತ್ತಾನೆ. ಭಕ್ತರು ಈ ಮಾತನ್ನು ಹೇಗಾದರೂ ಮೆತ್ತಗೆ ಮಾಡಲು ಹೆಣಗುತ್ತಾರೆ. ಹಾಗೇ ಬಿಡುವುದೇ ಒಳ್ಳೆಯದು. ಯಾಕೆಂದರೆ ಅವಳು ಎದುರುತ್ತರ ಕೊಡುತ್ತಾಳೆ: ಊಟದ ಮೇಜಿನ ಕೆಳಗಿನ ನಾಯಿಗೂ ಮಕ್ಕಳು ಚೆಲ್ಲಿದ ಚೂರು ಸಿಗುತ್ತದಲ್ಲ ಸ್ವಾಮಿ. ಈ ಮಾತಿಗಾಗಿಯೇ ನಿನ್ನ ಮಗಳು ಗುಣವಾದಳು ಹೋಗು ಎನ್ನುತ್ತಾನೆ ಅವನು. ನಾಲ್ಕೂ ಸುವಾರ್ತೆಗಳಲ್ಲಿ ವಾದದಲ್ಲಿ ಯೇಸುವನ್ನು ಸೋಲಿಸಿದವರು ಬೇರೆ ಯಾರೂ ನನಗೆ ಕಂಡಿಲ್ಲ. ಅವಳಿಗೆ ತಾರತಮ್ಯ ತಿಳಿಯದೆ? ಊಟದಿಂದ ಹೊರಗಿಟ್ಟವರಿಗೆ ಪಂಕ್ತಿಯ ಶಾಸ್ತ್ರ ಒಳಗೆ ಕೂತವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಶುರುವಾಯಿತೆನ್ನುವ ದಲಿತ ದೇವಶಾಸ್ತ್ರ ಇದೇ ಎಳೆ ಹಿಡಿಯಿತು. ಬೈಬಲ್ಲನ್ನು ಬಡವನಿಗೆ ಓದಿ ಹೇಳುವುದು ಸಾಕು, ಅವನು ಓದಿದ್ದನ್ನು ಕೇಳಿಸಿಕೊಳ್ಳಿ ಎಂದಿತು. ಹಾಗೆ ಕೇಳಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೆ ಧರ್ಮದ ನಿದರ್ಶನವಿದೆ. ವಿವೇಕಾನಂದರ ಪ್ರೇರಣೆಯಿಂದ ಡಾ. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ಕಟ್ಟಿದ ಸಂಸ್ಥೆ ಆಸ್ಪತ್ರೆ, ಶಾಲೆಗಳಿಂದ ಹೆಸರಾಯಿತು. ಆದರೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯದ ಅರಣ್ಯ ಹಕ್ಕನ್ನು ಪಡೆದುಕೊಂಡದ್ದು ಸೋಲಿಗರ ಗ್ರಾಮಸಭೆಗಳು, ತಾವೇ ಅರ್ಜಿ ಹಾಕಿ, ತಾವೇ ನಕ್ಷೆ ತೋರಿಸಿ.

ಇನ್ನು ಮಂಟೇಸ್ವಾಮಿ. ಈ ಸೀಮೆಯಲ್ಲಿ ಹುಟ್ಟಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಿದವರಿಗೆ ಅವನು ನೆನಪಾಗದೆ ಇರಲಾರ. ಕಡೆಯ ದಿನ ಅರಸನು, ನಾನು ಹಸಿದಿದ್ದೆ, ಬತ್ತಲೆಯಿದ್ದೆ, ರೋಗಿಯಾಗಿದ್ದೆ, ನೀವು ನೋಡಲಿಲ್ಲ ಎನ್ನುತ್ತಾನೆ. ಯಾವಾಗ ಬಂದಿದ್ದೆ ಸ್ವಾಮಿ ಎಂದು ಅವರು ಕಕ್ಕಾಬಿಕ್ಕಿಯಾಗುತ್ತಾರೆ. ನೀಲಗಾರರು ತಂಬೂರಿ ಮೀಟಿ ಹಾಡುವುದೂ ಅಂಥದೇ ಒಂದು ಬರುವಿಕೆಯನ್ನು. ಧರೆಗೆ ದೊಡ್ಡವರೆಂದು ಅವರು ಹಾಡುವ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾರೆ, ನಾರುವ ಮೈ, ಹೇಸುವ ವೇಷ, ಕುಲಗೆಟ್ಟವನ ರೂಪ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುವ ಮನೆಯ ಬಾಗಿಲಲ್ಲೇ ಅವರನ್ನು ಅಟ್ಟುತ್ತಾರೆ. ಹಾಡುವವರಿಗೊಂದು ಪಾಠ, ಊರಿಗೊಂದು ವಿವರ. ಎಲ್ಲ ಪಾಠಗಳಲ್ಲೂ ಪರೀಕ್ಷೆ ಆಗುವುದು ಇಕ್ಕುವವರಿಗೆ. ಅದೂ ಎಂಥ ಮನೆಯಲ್ಲಿ? ದಾನಕ್ಕೆ, ಸಮಾನತೆಗೆ ಹೆಸರಾದ ಮನೆಯಲ್ಲಿ. ಶರಣರ ಕ್ರಾಂತಿಯ ಬಗ್ಗೆ ಇಷ್ಟು ಪ್ರೀತಿಯಿಂದ, ಇಷ್ಟು ನಿಷ್ಠುರವಾಗಿ ಪ್ರಶ್ನೆ ಹಾಕಿದ್ದು ವಿದ್ವಾಂಸರಲ್ಲ, ಭಿಕ್ಷೆ ಎತ್ತಿ ಹಾಡುವ ನೀಲಗಾರರು. ಚರ್ಚಿಗೆ ಅಂಥ ಹಾಡು ಇಲ್ಲಿ ಹುಟ್ಟಲಿಲ್ಲವೆಂಬುದೇ ನನ್ನ ದೂರು ಎಂದರೂ ಆದೀತು.

ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಜಾತ್ರೆ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲದಿಂದ ಶುರುವಾಗುತ್ತದೆ. ಮುಂದೊಂದು ದಿನ ಪಂಕ್ತಿ ಸೇವೆ. ಬಿಡಾರ ಹೂಡಿದ ಕುಟುಂಬಗಳು ಅಲ್ಲೇ ಒಲೆ ಹೂಡಿ ಬಾಡೂಟ ಮಾಡಿ, ಎಡೆಯಿಟ್ಟು, ಸಾಲಾಗಿ ಕೂತು ಉಣ್ಣುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಚೆಕ್‌ಪೋಸ್ಟು, ಪೊಲೀಸು, ಕೋರ್ಟು ಎಲ್ಲ ಬಂದಿವೆ. ಇದು ಬಲಿಯಲ್ಲ, ನಮ್ಮ ಊಟ ಎಂದು ಜನ ವಾದಿಸುತ್ತಲೇ ಇದ್ದಾರೆ. ಅಲ್ಲಿ ಜಾತಿ ಕರಗಿಹೋಗಿದೆ ಎಂದು ನಾನು ಹೇಳುವುದಿಲ್ಲ. ಬಿಡಾರಗಳು ಹೆಚ್ಚಾಗಿ ಒಕ್ಕಲು ಒಕ್ಕಲಾಗಿಯೇ ಇರುತ್ತವೆ, ನೋಡುವ ಕಣ್ಣಿಗೆ ಅದು ಗೊತ್ತಾಗುತ್ತದೆ. ಒಂದು ವರ್ಷ ನಾನು ನೋಟ್‌ಬುಕ್ಕು ಹಿಡಿದು ಇದನ್ನೇ ಗುರುತು ಮಾಡಿಕೊಳ್ಳುತ್ತ ಬಿಡಾರದಿಂದ ಬಿಡಾರಕ್ಕೆ ಅಲೆಯುತ್ತಿದ್ದೆ. ಒಬ್ಬ ಗಂಡಸು ಹಿಂದಿನಿಂದ ಬಂದು ಭುಜ ಹಿಡಿದು ಅದುಮಿದ. ಕೂತೇಬಿಟ್ಟೆ. ಮುಂದೆ ಮುತ್ತುಗದ ಎಲೆ ಬಿತ್ತು, ಅದರ ಮೇಲೆ ಬಿಸಿ ಹಿಟ್ಟು.

"ನಮ್ದು ಆಯ್ತು ಕಣಣ್ಣ" ಅಂದೆ, ಅಭ್ಯಾಸ.

"ಆಗಿದ್ರೆ ಇನ್ನೊಂದ್ ಸಲ ಆಗ್ಲಿ" ಅಂದ ಅವನು. ಸಾರು ಬಿಡುತ್ತ ಯಾವೂರು ಎಂದು ಕೇಳಿದ. ಕೊಳ್ಳೇಗಾಲ ಅಂದೆ. ಅದರ ಮುಂದಿನ ಪ್ರಶ್ನೆ ಬರುತ್ತದೆಂದು ಕಾದೆ. ಅಷ್ಟರಲ್ಲಿ ಅವನು ಬಗ್ಗಿಕೊಂಡು ಸಾಲಿನ ಆ ತುದಿಗೆ ಹೋಗಿದ್ದ, ದಾರಿಯಲ್ಲಿ ಹೋಗುತ್ತಿದ್ದ ಇನ್ಯಾರನ್ನೋ ಕೈಹಿಡಿದು ಎಳೆಯುತ್ತಿದ್ದ.